ಹಗ್ಗದ ಇನ್ನೊಂದು ತುದಿ

ಗಡಿಯಾರ ರಿಪೇರಿಯವನು ಕೊಳ್ಳಲೆಂದು ಹತ್ತಿ ನೋಡುತ್ತಿದ್ದ ದೊಡ್ಡ ಹಾಯಿದೋಣಿಯ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿ ಹಿಡಿದು, ಮಿಕ್ಕ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ನಿಂತಿದ್ದ. ಹಾಯಿ ಅರ್ಧಕ್ಕೇ ಸಿಕ್ಕಿಕೊಂಡು ಪಟಪಟ ಬಡಿಯುತ್ತಿತ್ತು. ಮೊನ್ನೆ ಮೊನ್ನೆ ಅಂಗಡಿ ಮುಚ್ಚುವ ತನಕ ನಲವತ್ತು ವರ್ಷ ಒಬ್ಬನೇ ಕೂತು ಕೆಲಸ ಮಾಡಿದವನು. ಮೂರನೇ ಕೈ ಬೇಕಾದಾಗಲೆಲ್ಲ ಅವನಿಗೆ ಬಾಯೇ ಕೈ. ಮನೆಯಲ್ಲೂ ಅಷ್ಟೇ, ಹತ್ತು ಮಾತಿಗೆ ಒಂದು ‘ಹೂಂ’.

“ಅದಕ್ಕೇ ಹೇಳಿದ್ದು ಸಾರ್,” ಎಂದು ದೋಣಿ ಮಾರುವವನು ಪಕ್ಕದ ಪುಟ್ಟ ಮೋಟಾರ್ ದೋಣಿ ತೋರಿಸಿದ. “ಈ ಹಾಯಿಗೆ ಇಬ್ಬರು ಬೇಕೇ ಬೇಕು. ಅದಾದರೆ ಕೀ ತಿರುಗಿಸಿ, ಒಬ್ಬರೇ ಆರಾಮಾಗಿ ಹೋಗಬಹುದು.”

ಅವನಿಗೂ ಅದೇ ಸರಿ ಅನಿಸಿತ್ತು. ಆದರೆ ನೀರು ಕಂಡರೇ ತಲೆ ಸುತ್ತುವ ಹೆಂಡತಿ ಬೆಳಿಗ್ಗೆಯಿಂದ ದೊಡ್ಡದೇ ಬೇಕೆಂದು ಪಟ್ಟು ಹಿಡಿದಿದ್ದಳು. ಇವಳಿಗೇನಾಗಿದೆ ಎಂದು ಅವನಿಗೆ ತಲೆಬುಡ ತಿಳಿದಿರಲಿಲ್ಲ. ಈಗಲಾದರೂ ಕೇಳೋಣವೆಂದರೆ ಬಾಯಲ್ಲಿ ಹಗ್ಗ.

ಅವಳು ಕಂಬಿ ಹಿಡಿದುಕೊಂಡು, ನೀರಿನತ್ತ ನೋಡದೆ ಹತ್ತಿರ ಬಂದಳು. ಅವನ ಹಲ್ಲಿನಿಂದ ಹಗ್ಗ ಬಿಡಿಸಿ, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತಳು.

“ಯಾವಾಗ ಎಳೀಬೇಕು, ಹೇಳಿ,” ಅಂದಳು. “ನೀವು ಹೇಳೋ ತನಕ ನಾನು ಎಳೆಯಲ್ಲ ರೀ.”