ಆರು ಮೀಟರ್ ವೃತ್ತ

೨೦೨೩ರ ಜೂನ್ ಹದಿನಾಲ್ಕು, ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಲವತ್ತೊಂದನೆಯ ಆಕ್ಷೇಪಣೆ ಕುಬಾತ್‌ನ ಕೈಗೆ ಬಂತು. ಅವನು ಅದನ್ನು ಗಟ್ಟಿಯಾಗಿ ಓದಿದ. ಅಷ್ಟು ಹೊತ್ತೂ ಜಗಳವಾಡುತ್ತಿದ್ದ ಸಭೆ ಒಮ್ಮೆಲೇ ನಗತೊಡಗಿತು.

ಕೋಕ್-ಬುಲಾಕ್ ನಗರದ ೨೦೪೦ರವರೆಗಿನ ಭೂಬಳಕೆ ನಕ್ಷೆ ಶಾಲೆಯ ಗೋಡೆಗೆ ತೂಗುಬಿದ್ದಿತ್ತು. ಜನರ ಮಾತು ಕೇಳಿ ಅದನ್ನು ತಿದ್ದುವುದು ಯೋಜನಾ ಕಚೇರಿಯ ಕುಬಾತ್‌ನ ಕೆಲಸ. ಕೆಲವರು ರಸ್ತೆ ಕೇಳಿದ್ದರು, ಕೆಲವರು ಶಿಶುವಿಹಾರ. ಏಳನೆಯ ಬ್ಲಾಕಿನ ಸಾತಿಬಾಲ್ದಿ ಕೇಳಿದ್ದು ಒಂದು ಖಾಲಿ ವೃತ್ತ. ಕಾರು ನಿಲ್ಲಿಸುವ ಜಾಗವಾಗಲಿದ್ದ ಅಂಗಳದಲ್ಲಿ, ತನ್ನ ಬಾಗಿಲೆದುರು, ಆರು ಮೀಟರ್ ಅಡ್ಡಳತೆಯದು. ಉಣ್ಣೆಯ ಗುಡಾರ ಎತ್ತುವಷ್ಟು.

ಏಕೆಂದು ಯಾರೂ ಕೇಳಲಿಲ್ಲ. ಆ ಸೀಮೆಯಲ್ಲಿ ಸತ್ತವರನ್ನು ಮನೆಯ ಮುಂದಿನ ಗುಡಾರದಲ್ಲಿ ಎರಡು ದಿನ ಮಲಗಿಸಿ, ಅಲ್ಲಿಂದಲೇ ಮಣ್ಣಿಗೆ ಒಯ್ಯುತ್ತಾರೆ. ನಾಲ್ಕನೆಯ ಮಹಡಿಯಲ್ಲಿ ಬದುಕಿದವರೂ ಕೊನೆಗೆ ಅಂಗಳಕ್ಕೆ ಇಳಿದು ಗುಡಾರ ಸೇರುತ್ತಾರೆ. ಸಾತಿಬಾಲ್ದಿಗೆ ಎಪ್ಪತ್ತೊಂಬತ್ತು ವರ್ಷ.

"ಕುದುರೆ ಇದ್ದಂಗಿದ್ದಾನೆ ಮುದುಕ!" ಎಂದು ಎರಡನೇ ಸಾಲಿನಿಂದ ಕೂಗಿದಳು ತಾಜಿಕಾನ್. ಅದೇ ಬ್ಲಾಕಿನವಳು, ಎರಡು ಕಾರಿನ ಒಡತಿ. "ನಮ್ಮನ್ನೆಲ್ಲ ಮಣ್ಣು ಮಾಡಿ ಆಮೇಲೆ ಹೋಗೋನು. ಈಗ್ಲೇ ಜಾಗ ಹಿಡೀಬೇಕಾ? ನನ್ನ ಕಾರೇನು ತಲೆ ಮೇಲೆ ಇಟ್ಕೊಳ್ಲಾ?"

ಮುದುಕನ ಗಡ್ಡ ಅದುರಿತು. ಕೋಪವೆಂದುಕೊಂಡ ಕುಬಾತ್.

ಪಕ್ಕದಲ್ಲಿ ಮಗಳು ಬೂರುಲ್ ಕೂತಿದ್ದಳು. ಮೂವತ್ತೈದರ ಆಸುಪಾಸು. ವಸಂತದಲ್ಲಿ ರಾಜಧಾನಿ ಬಿಷ್ಕೆಕ್‌ನ ಕೆಲಸ ಬಿಟ್ಟು ಊರಿಗೆ ಮರಳಿದವಳು. ಅಪ್ಪನನ್ನು ನೋಡಿಕೊಳ್ಳಲು ಬಂದಳೆಂದು ಬ್ಲಾಕಿನ ಹೆಂಗಸರೆಲ್ಲ ಹೊಗಳಿದ್ದರು. ಜೂನ್ ಬಿಸಿಲಿಗೂ ತಲೆಗೆ ಉಣ್ಣೆಯ ಶಾಲು ಬಿಗಿದಿದ್ದಳು. ಅಪ್ಪ, ಮಗಳು ತೋಳಿಗೆ ತೋಳು ಕೊಟ್ಟು ಮೆಟ್ಟಿಲು ಹತ್ತಿ ಬಂದಿದ್ದರು. ಯಾರು ಯಾರಿಗೆ ಆಸರೆಯೆಂದು ಯಾರೂ ಎರಡನೇ ಸಲ ನೋಡಲಿಲ್ಲ.

"ಯಾರಿಗೋಸ್ಕರ ಅಂತ ಅರ್ಜೀಲಿ ಬರೀಬೇಕಾ ಅಣ್ಣ?" ಎಂದು ಕೇಳಿದಳು ಬೂರುಲ್.

"ಬೇಡಮ್ಮ. ಗೊತ್ತಿರೋದೇ ಅಲ್ವಾ."

ಅವಳು ತಲೆಯಾಡಿಸಿದಳು. ಸಮಾಧಾನವಾದಂತಿತ್ತು.

ಅರ್ಜಿಯ ಬೆನ್ನಿಗೆ ಮುದುಕ ಪೆನ್ಸಿಲಿನಲ್ಲಿ ನಕ್ಷೆ ಬರೆದಿದ್ದ. ಮೂವತ್ತು ವರ್ಷ ಭೂಮಾಪನದಲ್ಲಿ ದುಡಿದ ಕೈ. ಒಂದು ಗೆರೆಯೂ ನಡುಗಿರಲಿಲ್ಲ. ವೃತ್ತ, ಪೂರ್ವಕ್ಕೆ ಬಾಗಿಲು, ಒಳಗೆ ದೇಹ ಮಲಗಿಸುವ ಕಡೆ ಒಂದು ಪುಟ್ಟ ಆಯತ. ಆಯತ ಮಾತ್ರ ಒಳಹೊಕ್ಕವರ ಬಲಕ್ಕಿತ್ತು. ಗುಡಾರದಲ್ಲಿ ಬಲಭಾಗ ಹೆಂಗಸರದು, ಎಡಭಾಗ ಗಂಡಸರದು. ಬದುಕಿದ್ದಾಗಲೂ ಹಾಗೆ, ಸತ್ತಾಗಲೂ ಹಾಗೆ.

ವಯಸ್ಸಾಯಿತು ಪಾಪ, ಎಂದುಕೊಂಡ ಕುಬಾತ್. ಕೆಂಪು ಪೆನ್ಸಿಲಿನಿಂದ ಆಯತವನ್ನು ಹೊಡೆದುಹಾಕಿ ಎಡಕ್ಕೆ ಬರೆದ. ತಪ್ಪು ನಕ್ಷೆ ಕಡತಕ್ಕೆ ಹೋಗುವುದು ಅವನಿಗೆ ಸೇರದು.

"ಎಡಬಲ ಅದಲುಬದಲಾಗಿತ್ತು ತಾತ. ಸರಿ ಮಾಡಿದೀನಿ."

ಮುದುಕ ಆ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿದ. "ನೀನು ಬರೆದಂಗೇ ಆಗ್ಲಿ ಮಗಾ," ಎಂದ. "ದೇವರು ನಿನ್ನ ಕೈಯನ್ನೇ ನಡೆಸ್ಲಿ."

ಬೂರುಲ್ ಅಪ್ಪನ ಮುಂಗೈ ಹಿಡಿದುಕೊಂಡಳು.

"ತಿದ್ದುಪಡಿ ಎಲ್ಲ ನವೆಂಬರ್ ಎಂಟರ ಸಭೇಲಿ ಮತಕ್ಕೆ ಬರುತ್ತೆ," ಎಂದ ಕುಬಾತ್.

"ಅಂಗಳ ಅಗೆಯೋದು ಸೆಪ್ಟೆಂಬರಿಗಲ್ವಾ? ನವೆಂಬರ್ ಅಂದ್ರೆ ತಡ ಆಗುತ್ತೆ," ಎಂದ ಮುದುಕ.

"ಅಗೆದಿದ್ದನ್ನ ಮುಚ್ಚಿಸೋಣ. ಅಲ್ಲೀತನಕ ನಿಮಗೇನೂ ಆಗಲ್ಲ ಬಿಡಿ ತಾತ."

ಬೂರುಲ್ ನಕ್ಕಳು. "ಅಪ್ಪಂಗೆ ಏನೂ ಆಗಲ್ಲ. ಅದೇ ನನಗೆ ಚಿಂತೆ."

ಸಭೆಗೆ ಸಭೆಯೇ ನಕ್ಕಿತು. ಕುಬಾತ್ ಕೂಡ. ಕಡತದ ಅಂಚಿನಲ್ಲಿ ಬರೆದುಕೊಂಡ: ಅರ್ಜಿದಾರರ ಆರೋಗ್ಯ ಉತ್ತಮ, ತುರ್ತಿಲ್ಲ.

ಆಮೇಲೆ ಪ್ರತಿ ಸೋಮವಾರ ಮುದುಕ ಕಚೇರಿಗೆ ಬಂದ. ಒಬ್ಬನೇ ಬಂದ.

"ಮಗಳೆಲ್ಲಿ ತಾತ?"

"ಮಲಗಿದ್ದಾಳೆ."

ಆಗಸ್ಟ್ ಕೊನೆಗೆ ಚೌಕಾಸಿಗಿಳಿದ. "ಐದೂವರೆಯಾದ್ರೂ ಕೊಡು ಮಗಾ. ಸಣ್ಣ ಗುಡಾರ ಸಾಕು. ಹೊಸಿಲ ಮುಂದೆ ಇರ್ಬೇಕು, ಅಷ್ಟೇ. ಅಲ್ಲೇ ಆಡಿ ಬೆಳೆದ ಜಾಗ."

ಈ ವಯಸ್ಸಿನಲ್ಲಿ ಎಲ್ಲರೂ ಬಾಲ್ಯಕ್ಕೇ ಮರಳುತ್ತಾರೆ, ಎಂದುಕೊಂಡು ಕುಬಾತ್ ಚಹಾ ತರಿಸಿದ. ನಿಯಮ ಬಿಟ್ಟು ಒಂದು ಗೆರೆ ಎಳೆಯಲೂ ಅವನಿಗೆ ಅಧಿಕಾರವಿರಲಿಲ್ಲ. ಸೆಪ್ಟೆಂಬರ್ ನಾಲ್ಕಕ್ಕೆ ಯಂತ್ರ ಬಂದು ಏಳನೆಯ ಬ್ಲಾಕಿನ ಅಂಗಳವನ್ನು ಗೋಡೆಯಿಂದ ಗೋಡೆಗೆ ಅಗೆದು, ತಗಡಿನ ಬೇಲಿ ಹಾಕಿ ಹೋಯಿತು.

ಅಕ್ಟೋಬರ್ ಹನ್ನೆರಡರಂದು ದೂರು ಬಂತು. ಸಂತೆಯ ಹಿಂದಿನ ಬಯಲಿನಲ್ಲಿ ಯಾರೋ ಗುಡಾರ ಎತ್ತಿ ಲಾರಿಗಳ ದಾರಿ ಕಟ್ಟಿದ್ದಾರೆ. ಏಳನೆಯ ಬ್ಲಾಕಿನವರಂತೆ.

ಕುಬಾತ್ ಗೋಡೆಯ ಕ್ಯಾಲೆಂಡರ್ ನೋಡಿದ. ನವೆಂಬರ್ ಸಭೆಗೆ ಇನ್ನೂ ಇಪ್ಪತ್ತೇಳು ದಿನವಿತ್ತು. ಕಾಯಲಾಗಲಿಲ್ಲ ಮುದುಕನಿಗೆ. ಅಳತೆಪಟ್ಟಿಯನ್ನು ಜೇಬಿಗಿಳಿಸಿ ನಡೆದೇ ಹೊರಟ. ಬೂರುಲ್‌ಗೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ: ತಪ್ಪು ನನ್ನದಮ್ಮ, ನಿಮ್ಮಪ್ಪ ನನಗೆ ಮೊದಲೇ ಹೇಳಿದ್ರು.

ಬಯಲಿನಲ್ಲಿ ಲಾರಿಗಳು ಎಂಜಿನ್ ಆರಿಸಿ ಸಾಲಾಗಿ ನಿಂತಿದ್ದವು. ತಾಜಿಕಾನ್ ತನ್ನೆರಡು ಕಾರನ್ನೂ ದಾರಿಗೆ ಅಡ್ಡ ನಿಲ್ಲಿಸಿ, ಒಂದಕ್ಕೆ ಒರಗಿ ಮುಖ ಮುಚ್ಚಿಕೊಂಡಿದ್ದಳು. "ಕಾಯಿಲೆ ವಿಷಯ ಯಾರಿಗೂ ಹೇಳ್ಬೇಡಿ ಅಂತ ಅಪ್ಪನ ಹತ್ರ ಆಣೆ ಹಾಕಿಸಿಕೊಂಡಿದ್ಲಂತೆ," ಎಂದಳು. "ನಾನು ಎಂಥಾ ಮಾತಾಡಿಬಿಟ್ಟೆ ಅವತ್ತು."

ಗುಡಾರದ ಹೊರಗೆ, ಪದ್ಧತಿಯಂತೆ, ಮನೆಯ ಗಂಡಸರು ಕೋಲೂರಿ ಬಾಗಿ ನಿಂತು ದನಿಯೆತ್ತಿ ಅಳುತ್ತಿದ್ದರು. "ನನ್ನ ಕುದುರೆಮರಿಯೇ, ನನ್ನ ಕುದುರೆಮರಿಯೇ" ಎಂದು ಮಗುವನ್ನು ಮುದ್ದಿಸುವ ಮಾತಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು, ಸಾಲಿನಲ್ಲಿ ಮೊದಲು ನಿಂತ ಸಾತಿಬಾಲ್ದಿ. ಒಳಗೆ ದೇಹವನ್ನು ಮರೆಮಾಡುವ ಪರದೆ ಕಟ್ಟಿದ್ದದ್ದು ಬಲಕ್ಕೆ. ಸಂಜೆ ಕುಬಾತ್ ಪಟ್ಟಿ ಹಿಡಿದು ಅಳೆದ. ಏಳನೆಯ ಬ್ಲಾಕಿನ ಹೊಸಿಲಿನಿಂದ ಬೂರುಲ್ ಮಲಗಿದ್ದ ಗುಡಾರದ ಬಾಗಿಲವರೆಗೆ ಮುನ್ನೂರ ಹನ್ನೆರಡು ಮೀಟರ್.