ಹಳದಿ ಪೀಪಾಯಿಗೆ ಎಷ್ಟು ಗೋಲಿ

ಪಾಯಿಖಾನೆಯೊಳಗೆ ಸಂಕುಂಗ್ ಮಾರೆನಾ ಉಸಿರು ಬಿಗಿಹಿಡಿದು ನಿಂತಿದ್ದ. ವಾಸನೆಗಲ್ಲ. ಜೋಳದ ದಂಟಿನ ತಡಿಕೆಯಾಚೆ, ಬೂರುಗದ ಮರದ ಕಟ್ಟೆಯ ಮೇಲೆ ಕುಳಿತವರು ಅವನ ಹೆಸರೆತ್ತಿದ್ದರು.

ಬಂದದ್ದೇನೋ ನಿಜವಾದ ಕೆಲಸಕ್ಕೇ. ಅದು ಮುಗಿದು ಎಷ್ಟೋ ಹೊತ್ತಾಗಿತ್ತು. ಈಗ ಹೊರಬಿದ್ದರೆ ಅವರ ಮಾತು ನಿಂತುಹೋಗುತ್ತದೆ. ನಾಳೆ ಮತದಾನ. ಇವತ್ತು ಅಭ್ಯರ್ಥಿ ಯಾರ ಬಳಿಯೂ ಮತ ಕೇಳುವಂತಿಲ್ಲ, ಅದು ಕಾನೂನು. ಕದ್ದು ಕೇಳಿಸಿಕೊಳ್ಳಬಾರದೆಂದು ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ.

ದೇಶದ ಅಧ್ಯಕ್ಷ ಪದವಿಗೆ ನಿಂತವರು ಇಬ್ಬರು. ರಾಜಧಾನಿ ಬ್ಯಾಂಜುಲ್‌ನ ಡಾಕ್ಟರದ್ದು ನೀಲಿ ಪೀಪಾಯಿ, ಸಂಕುಂಗ್‌ನದು ಹಳದಿ. ಮತದಾರರಿಗೆ ತಲೆಗೊಂದು ಗೋಲಿ. ಬೇಕಾದವರ ಪೀಪಾಯಿಯ ತೂತಿಗೆ ಹಾಕಿದರೆ ಒಳಗಿನ ಗಂಟೆ ಟಿಣ್ ಎನ್ನುತ್ತದೆ. ಸಂಜೆ ಆಯಾ ಊರಿನ ಗೋಲಿಗಳನ್ನು ಆಯಾ ಊರಿನಲ್ಲೇ, ಎಲ್ಲರೆದುರು ಎಣಿಸುತ್ತಾರೆ. ದೇಶ ಕೈಕೊಟ್ಟರೆ ಸಂಕುಂಗ್ ಹೇಗೋ ತಡೆದುಕೊಂಡಾನು. ತಬಾಕುಂಡಾ ಕೈಕೊಟ್ಟರೆ? ಸ್ವಂತ ಊರೇ ಬೇಡವೆಂದ ಗಂಡಸು ಎಂದು ಸಮುದ್ರದಿಂದ ಗಡಿಯವರೆಗೂ ನಗುತ್ತಾರೆ.

"ನನ್ನ ಗೋಲಿ ನೀಲಿಗೆ," ಎಂದಳು ಮೀನು ಮಾರುವ ಸಾಫಿ. "ಡಾಕ್ಟರು ನೀರಿನ ಪಂಪು ರಿಪೇರಿ ಮಾಡಿಸ್ತೀನಿ ಅಂದಿದಾರೆ. ನಿಮ್ಮ ಸಂಕುಂಗ್ ಏನು ಮಾಡಿದಾನೆ, ಹೇಳಿ ನೋಡೋಣ."

ಸಂಕುಂಗ್‌ನ ಕಿವಿ ನೆಟ್ಟಗಾಯಿತು.

"ಪಂಪು ಇನ್ನೊಂದ್ಸಲ ಬರುತ್ತೆ ಕಣಮ್ಮ, ಇಂಥಾ ಅವಕಾಶ ಬರಲ್ಲ." ಅದು ಊರ ಮುಖ್ಯಸ್ಥ ಕೆಮೆಸೆಂಗ್ ಅಜ್ಜನ ದನಿ. "ನಮ್ಮಪ್ಪ ಸತ್ತಾಗ ಗೋರಿ ಹತ್ರ ನಿಂತು ಮಾತಾಡ್ದ. ಮಧ್ಯಾಹ್ನದ ನಮಾಜು ಮುಗಿಸಿ ಶುರು ಮಾಡಿದೋನು, ಸಂಜೆ ನಮಾಜಿಗೆ ಕೂಗಿದಾಗ್ಲೂ ಅಪ್ಪನ ಬಾಲ್ಯದಲ್ಲೇ ಇದ್ದ. ಆ ಬಾಯಿ ಒಂದು ಊರಿಗೆ ಹೆಚ್ಚಾಯ್ತು. ದೇಶಕ್ಕೆಲ್ಲ ಹಂಚಬೇಕು."

ಸಂಕುಂಗ್ ಕಣ್ಣೊರೆಸಿಕೊಂಡ. ಅಜ್ಜನ ಅಪ್ಪನ ಯೌವನದ ಭಾಗ ಹೇಳಲಾಗಲಿಲ್ಲವಲ್ಲ ಎಂಬ ಕೊರಗು ಅವನಿಗೆ ಇನ್ನೂ ಇತ್ತು.

ಎತ್ತರದಿಂದ ಗ್ಲಾಸಿಗೆ ಚಹಾ ಸುರಿಯುವ ಸದ್ದು. ಸುರಿಯುತ್ತಿದ್ದವನು ದರ್ಜಿ ವಂಡಿಫಾ. "ನನ್ನ ಅಂಗಡಿಗೆ ದಿನಾ ಬೆಳಿಗ್ಗೆ ಬರ್ತಾನೆ. ಕತ್ತರಿ ಹಿಡಿಯೋದು ಹೇಗೆ ಅಂತ ಹೇಳ್ಕೊಡ್ತಾನೆ. ಇಪ್ಪತ್ತು ವರ್ಷದಲ್ಲಿ ಒಂದಿನ ತಪ್ಪಿಸಿದ್ರೆ ಕೇಳಿ. ಆ ಭಾಗ್ಯ ಮಂತ್ರಿಗಳಿಗೂ ಸಿಗಲಿ ಅಂತೀನಿ."

"ಮೂರು ಗಂಡುಮಕ್ಕಳಿಗೂ ಅವನ ಹೆಸರೇ ಇಟ್ಕೊಂಡಿರೋನು ಇನ್ನೇನು ಹೇಳ್ತೀಯಪ್ಪ," ಸಾಫಿ ಚುಚ್ಚಿದಳು.

"ನಾನೆಲ್ಲಿ ಇಟ್ಟೆ? ಇಮಾಮರು ಬಾಯಿ ತೆಗೆಯೋಕೆ ಮುಂಚೆ ಅವನೇ ಮಗು ಕಿವೀಲಿ ಊದಿಬಿಟ್ಟಿರ್ತಿದ್ದ. ಈಗ ಮನೇಲಿ 'ಸಂಕುಂಗ್, ಊಟಕ್ಕೆ ಬಾ' ಅಂದ್ರೆ ಮಕ್ಕಳಿಗಿಂತ ಮುಂಚೆ ಅವನೇ ಬಂದು ಕೂತಿರ್ತಾನೆ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಸಂಕುಂಗ್ ಕೂಡ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಪ್ರೀತಿಯಿಲ್ಲದೆ ಯಾರಾದರೂ ಹೀಗೆ ಗೇಲಿ ಮಾಡುತ್ತಾರೆಯೇ?

"ಪಂಪು ಗಿಂಪು ಬಿಡು ಸಾಫಿ." ಈ ಸಲ ಕೇಳಿಸಿದ್ದು ಅವನ ಹೆಂಡತಿ ದೂಸುವಿನ ದನಿ. ಅವಳೂ ಕಟ್ಟೆಯ ಮೇಲಿದ್ದದ್ದು ಅವನಿಗೆ ಗೊತ್ತಿರಲಿಲ್ಲ. "ಇಪ್ಪತ್ತಾರು ವರ್ಷ ಅವರ ಜೊತೆ ಬಾಳಿದೀನಿ. ನಿನ್ನ ಹತ್ರ ಯಾವತ್ತಾದ್ರೂ ಏನಾದ್ರೂ ಕೇಳಿದೀನಾ? ಈ ಒಂದು ಗೋಲಿ ಕೇಳ್ತಿದೀನಿ."

"ಗೆದ್ರೆ ಅಧ್ಯಕ್ಷರ ಬಂಗಲೆಗೆ ನೀನೂ ಹೋಗ್ಬೇಕಲ್ಲಕ್ಕಾ?"

"ನಾನ್ಯಾಕೆ? ಶೇಂಗಾ ಹೊಲ ಯಾರು ನೋಡ್ಕೋತಾರೆ?"

ಎಂಥ ತ್ಯಾಗ! ಸಂಕುಂಗ್ ತಡಿಕೆಗೆ ಇನ್ನಷ್ಟು ಒತ್ತಿ ನಿಂತ.

ಸಾಫಿಯ ದನಿ ಮೆತ್ತಗಾಯಿತು. "ಆಯ್ತು ಕಣಕ್ಕಾ. ನಿನ್ನ ಮುಖ ನೋಡಿ ಹಳದಿಗೇ ಹಾಕ್ತೀನಿ. ನಮ್ಮ ಓಣಿಯೋರಿಗೂ ಹೇಳ್ತೀನಿ."

"ಹಾಗಾದ್ರೆ ಊರಿನ ಇನ್ನೂರ ಹನ್ನೆರಡೂ ಹಳದಿಗೆ," ಎಂದ ಕೆಮೆಸೆಂಗ್ ಅಜ್ಜ. "ಒಂದು ಗೋಲಿ ಆಚೀಚೆ ಆಗ್ಕೂಡ್ದು. ಆಮೇಲೆ ಎದೆ ಬಡ್ಕೊಂಡ್ರೂ ಪ್ರಯೋಜನ ಇಲ್ಲ."

ಇನ್ನು ತಡೆಯುವುದು ಸಂಕುಂಗ್‌ನಿಂದಾಗಲಿಲ್ಲ. ತಡಿಕೆಯನ್ನು ದೂಡಿ, ಪಾಯಿಖಾನೆಗೆ ಒಯ್ದಿದ್ದ ನೀರಿನ ಕೆಟಲ್ ಕೈಯಲ್ಲಿ ಹಿಡಿದೇ ಕಟ್ಟೆಗೆ ಓಡಿಬಂದ. "ಇದು ಪ್ರಚಾರ ಅಲ್ಲ, ಕೃತಜ್ಞತೆ," ಎಂದು ಮೊದಲೇ ಹೇಳಿ ಕಾನೂನನ್ನು ಕಾಪಾಡಿದ. ಮೂರನೇ ಸುತ್ತಿನ ಚಹಾ ಕುದಿದು, ಬತ್ತಿ, ಸೀದುಹೋಗುವವರೆಗೂ ಮಾತಾಡಿದ. ಆಡುತ್ತ ಆಡುತ್ತ, ತಾನೂ ಅಂದುಕೊಂಡಿರದ ಒಂದು ಮಾತು ನಾಲಿಗೆಗೆ ಬಂತು.

"ಇಂಥಾ ಜನರನ್ನ ಬಿಟ್ಟು ಬ್ಯಾಂಜುಲ್‌ನಲ್ಲಿ ನಾನೇನು ಮಾಡ್ಲಿ? ಹೋಗಲ್ಲ! ಗೆದ್ರೆ ಅಧ್ಯಕ್ಷನ ಕುರ್ಚೀನ ಈ ಮರದ ಕೆಳಗೇ ಹಾಕಿಸ್ತೀನಿ. ಮಂತ್ರಿಗಳು ಇಲ್ಲಿಗೇ ಬರಲಿ. ನಾಲ್ಕು ದಿಕ್ಕಿಗೆ ನಾಲ್ಕು ಮೈಕು!"

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಷ್ಟು ದೊಡ್ಡ ಸಂತೋಷಕ್ಕೆ ಸದ್ದಾದರೂ ಎಲ್ಲಿಂದ ಬರಬೇಕು?

"ಒಂದಿನಕ್ಕೂ ಹೋಗಲ್ವಾ?" ಸಾಫಿ ಮೆಲ್ಲನೆ ಕೇಳಿದಳು.

"ಒಂದಿನಕ್ಕೂ ಇಲ್ಲ!"

ದೂಸು ತಲೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತಳು. ಇಪ್ಪತ್ತಾರು ವರ್ಷಗಳಲ್ಲಿ ತನಗಾಗಿ ಅವಳು ಅತ್ತದ್ದನ್ನು ಸಂಕುಂಗ್ ಕಂಡದ್ದು ಅದೇ ಮೊದಲು.

ಮರುದಿನ ಮೊದಲ ಗೋಲಿ ಅವನದೇ. ಆಮೇಲೆ ದಿನವಿಡೀ ಮತಗಟ್ಟೆಯ ಗೋಡೆಯಾಚೆ ಬಿಸಿಲಲ್ಲಿ ನಿಂತು, ಒಳಗಿನಿಂದ ಬಂದ ಒಂದೊಂದು ಟಿಣ್‌ಗೂ ತಲೆಬಾಗಿಸಿದ. ಇನ್ನೂರ ಹನ್ನೊಂದು ಸಲ.

ಸಂಜೆ ಅಧಿಕಾರಿ ಗೋಲಿಗಳನ್ನು ಕುಳಿಯಿದ್ದ ಹಲಗೆಯ ಮೇಲೆ ಸಾಲಾಗಿ ಕೂರಿಸಿದರು. ನೀಲಿ, ಇನ್ನೂರ ಹನ್ನೊಂದು. ಆಮೇಲೆ ಹಳದಿ ಪೀಪಾಯಿಯನ್ನು ಬೋರಲು ಹಾಕಿದರು. ಒಂದು ಗೋಲಿ ಉರುಳಿ ಬಂತು. ಪೀಪಾಯಿಯನ್ನು ಅಲ್ಲಾಡಿಸಿದರು, ಒಳಗೆ ಕಣ್ಣಿಟ್ಟು ನೋಡಿದರು. ಇನ್ನೇನೂ ಇರಲಿಲ್ಲ.

ಸಂಕುಂಗ್ ಆ ಒಂದು ಗೋಲಿಯನ್ನೇ ನೋಡಿದ. ಕಡೆಗೆ ಹೆಂಡತಿಯ ಕಡೆ ತಿರುಗಿ, "ನೀನೂ ಹಾಕ್ಲಿಲ್ವಾ?" ಎಂದ.

"ಗೆದ್ರೆ ಹೋಗ್ತೀರಿ ಅಂದ್ಕೊಂಡಿದ್ವಿ," ಎಂದಳು ದೂಸು.