ಎರಡನೆಯ ತಳ

“ಹೊರಗ ಹಳೇದರಷ್ಟ ಕಾಣಬೇಕ್ರಿ. ಒಳಗ ಇಪ್ಪತ್ತು ಲೀಟರ್ ಹಿಡದ್ರ ಸಾಕು,” ಎಂದ ಹೂವಪ್ಪ, ದನಿ ತಗ್ಗಿಸಿ.

ರಮಜಾನಸಾಬನ ಕತ್ತರಿ ತಗಡಿನ ನಡುವೆ ನಿಂತಿತು. ಈ ಮಾತನ್ನು ಅವನು ರೋಣದ ಪೇಟೆಯಲ್ಲಿ ಮೊದಲೂ ಕೇಳಿದ್ದ. ಸೇರು, ಪಾವು ಮಾಡುವವನ ಅಂಗಡಿಗೆ ಯಾರಾದರೂ ದನಿ ತಗ್ಗಿಸಿ ಬಂದರೆ ಅವರಿಗೆ ಬೇಕಾದದ್ದು ಒಂದೇ: ಒಳಗೊಂದು ಎರಡನೆಯ ತಳ. ನೋಡಲು ತುಂಬಿದ ಸೇರು, ಕಾಳು ಮಾತ್ರ ಮುಕ್ಕಾಲು. ಅಂಥ ಸೇರನ್ನು ಅವನ ಅಪ್ಪ ಮಾಡಲಿಲ್ಲ, ಅವನೂ ಮಾಡಲಿಲ್ಲ. ಅದರಿಂದ ಹೆಸರು ಬಂತು, ಗಿರಾಕಿ ಬರಲಿಲ್ಲ.

ಈಗ ಮುಂದಿದ್ದದ್ದು ಸೇರಲ್ಲ, ದೋಣಿಯ ಪೆಟ್ರೋಲ್ ಟಾಕಿ. ಗೋವಾದ ಸಮುದ್ರದಲ್ಲಿ ಪಂದ್ಯಕ್ಕೆ ಓಡಿ ಮುದಿಯಾದ ದೋಣಿ ಅದು. ಮಲಪ್ರಭೆ ಏರಿದಾಗ ಜನರನ್ನು ದಾಟಿಸಲೆಂದು ಪುಣ್ಯಾತ್ಮರೊಬ್ಬರು ಹೊಳೆಮಣ್ಣೂರಿಗೆ ದಾನ ಕೊಟ್ಟಿದ್ದರು. ಎಂಜಿನ್ನಿಗೆ ಇನ್ನೂ ಹುರುಪಿತ್ತು. ಎಂಬತ್ತು ಲೀಟರಿನ ಟಾಕಿ ಮಾತ್ರ ಉಪ್ಪುನೀರು ತಿಂದು ಜರಡಿಯಾಗಿತ್ತು.

ದೋಣಿ ಕಾಯುವವನು ಹೂವಪ್ಪ. ಓಡಿಸುವವನು ರಮಜಾನಸಾಬನ ಅಳಿಯ ಸಾಜೀದ. ಹತ್ತುವವರಲ್ಲಿ ಮಗಳು ಜಬೀನಳೂ ಒಬ್ಬಳು. 2009ರ ಸೆಪ್ಟೆಂಬರ್ ಮುಗಿಯುತ್ತ ಬಂದಿತ್ತು. ಮಳೆ ಮುಗಿಯುವ ಲಕ್ಷಣವಿರಲಿಲ್ಲ. ಎಣ್ಣೆ ತೀರಿದರೆ ನಡುಹೊಳೆಯಲ್ಲಿ ನಿಲ್ಲುವುದು ಯಾರ ಮಗಳು ಎಂದು ರಮಜಾನಸಾಬನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಸಿದ್ದಲಿಂಗಪ್ಪಗ ಇದು ಗೊತ್ತೈತೇನು?”

ಸಿದ್ದಲಿಂಗ ಊರಿನ ಕಾಳಿನ ವ್ಯಾಪಾರಿ, ದೋಣಿ ಕಮಿಟಿಯ ಹಿರಿಯ.

“ಅವರಿಗೆ ಹೇಳಬ್ಯಾಡ್ರಿ ಚಾಚಾ. ಕಾಳು ಅಳದಂಗ ಟಾಕೀನೂ ತುಳುಕೋತನಾ ತುಂಬಸ್ತಾರ. ತುಳುಕದಿದ್ರ ದೋಣಿ ದಂಡಿ ಬಿಡಂಗಿಲ್ಲ ಅಂತಾರ. ಹೇಳಿ ಹೇಳಿ ನನ್ನ ಬಾಯಿ ಸೋತೇತಿ.”

“ಮತ್ತ ಉಳದ ಅರವತ್ತು ಲೀಟರ್?”

ಹೂವಪ್ಪ ಹಳೆಯ ಟಾಕಿಯ ಮೇಲೆ ಕೈಯಾಡಿಸಿದ. “ಅರವತ್ತು ಲೀಟರ್ ಎಣ್ಣಿ ಎಷ್ಟು ತೂಕ ಆಕ್ಕೈತ್ರಿ? ಅರ್ಧ ಚೀಲ ಜ್ವಾಳದಷ್ಟು?”

“ಹೊತಗೊಂಡು ಹೋಗಾವರಿಗೆ ಗೊತ್ತಿರಬೇಕಪಾ.”

ಚುಚ್ಚಿದ್ದು ತಾಗಿದಂತೆ ಕಾಣಲಿಲ್ಲ. “ಹೌದ್ರಿ. ಹೊರಾವ್ರು ನಾವ ಅಲ್ಲೇನು,” ಎಂದು ಹೂವಪ್ಪ ದಣಿದವನ ಹಾಗೆ ನಕ್ಕ.

ಎರಡು ವರ್ಷದ ಹಿಂದೆ ಹೊಳೆ ಬಂದಾಗ ಇದೇ ದೋಣಿ ತುಂಬಿಹೋಗಿ, ಮುಂದಿನ ಖೇಪಿಗೆ ಬಾ ಎಂದು ಅವನ ಹೆಂಡತಿ ಗಾಳೆವ್ವನನ್ನು ದಂಡೆಯಲ್ಲಿ ಬಿಟ್ಟಿದ್ದರು. ಒಣಕಲು ಹೆಂಗಸು. ಮುಂದಿನ ಖೇಪಿಗೆ ದೋಣಿ ಹೋದಾಗ ದಂಡೆಯೇ ಇರಲಿಲ್ಲ. ಅಂದಿನಿಂದ ಹೂವಪ್ಪ ಯಾವುದಕ್ಕೂ ಆಸೆಪಟ್ಟದ್ದನ್ನು ಕಂಡವರಿಲ್ಲ. ಅಂಥವನಿಗೆ ಪೆಟ್ರೋಲ್ ಕದಿಯುವಷ್ಟು ಹುಮ್ಮಸ್ಸು ಎಲ್ಲಿಂದ ಬಂತು ಎಂದು ರಮಜಾನಸಾಬನಿಗೆ ಸೋಜಿಗವೇ ಆಯಿತು.

ವಾದ ಮಾಡುವ ವಯಸ್ಸು ಅವನದಲ್ಲ. ಆಗದು ಎಂದರೆ ಟಾಕಿ ನರಗುಂದಕ್ಕೋ ಗಜೇಂದ್ರಗಡಕ್ಕೋ ಹೋಗುತ್ತದೆ. ಕೇಳಿದರೆ ಮೂರು ತಳ ಹಾಕಿಕೊಡುವವರೂ ಇರುತ್ತಾರೆ. ಸುಮ್ಮನೆ ತಲೆಯಾಡಿಸಿದ.

ತಗಡು ಕತ್ತರಿಸಿದ. ದೋಣಿ ಜಿಗಿದಾಗ ಎಣ್ಣೆ ಒಂದೇ ಕಡೆ ನುಗ್ಗದಿರಲೆಂದು ಒಳಗೆ ತೂತಿನ ಅಡ್ಡತಗಡುಗಳನ್ನು ಕೂರಿಸಿದ. ಅಂಚಿಗೆಲ್ಲ ಬೆಸುಗೆ ಹಾಕಿ, ನೀರು ತುಂಬಿ, ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಂಡ. ಎಂಬತ್ತು ಲೀಟರ್ ನೀರು ಹಿಡಿಯಿತು, ಒಂದು ಪಾವೂ ಕಡಿಮೆಯಿಲ್ಲದೆ. ಎರಡನೆಯ ತಳದ ತಗಡು ಅಂಗಡಿಯ ಮೂಲೆಯಲ್ಲೇ ಉಳಿಯಿತು.

ಒಯ್ಯಲು ಬಂದ ಹೂವಪ್ಪ ಟಾಕಿಯನ್ನು ಎತ್ತಿ ನೋಡಿದ. “ಹೇಳಿದಂಗ ಆಗೇತಲ್ರಿ?”

“ನನ್ನ ಕೈಯಾಗಿನ ಮಾಪು ಹ್ಯಾಂಗ ಇರಬೇಕೋ ಹಂಗ ಐತಿ.”

“ಅಷ್ಟ ಸಾಕ್ರಿ. ನಿಮ್ಮ ಮಾಪು ಅಳದು ನೋಡಾವ ಇನ್ನೂ ಹುಟ್ಟಿಲ್ಲ.”

ಅಳೆಯದೆ ಒಯ್ದ.

ವಾರ ತುಂಬುವ ಮೊದಲೇ ಹೊಳೆ ಊರಿಗೆ ಬಂತು. ರಮಜಾನಸಾಬ ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ, ಉಳಿದಷ್ಟನ್ನು ಮೊಣಕಾಲುದ್ದ ಕೆಸರಿನಲ್ಲಿ ನಡೆದು, ಜನರನ್ನು ತಂದಿಳಿಸುತ್ತಿದ್ದ ದಿಬ್ಬ ಮುಟ್ಟಿದ. ಮೊದಲ ಖೇಪಿನಲ್ಲೇ ಬಂದಿದ್ದ ಸಿದ್ದಲಿಂಗ ಚೀಲದ ಮೇಲೆ ಕೂತಿದ್ದ.

“ಟಾಕಿ ಚಲೋ ಮಾಡೀರಿ ಸಾಬ್ರ. ಹೂವಪ್ಪ ಮಂದೀನ ಗೌಡರ ಮಾಳಿಗಿ ಹತ್ತಸಾಕ ಹೋಗಿದ್ದ, ನಾನ ನಿಂತು ಎಣ್ಣಿ ಹಾಕಿಸಿದೆ. ಎಂಬತ್ತಕ್ಕ ಎಂಬತ್ತು ಹಿಡದು, ತುಳುಕಿತು ನೋಡ್ರಿ.”

ಬಹಳ ದಿನಗಳ ಮೇಲೆ ರಮಜಾನಸಾಬನಿಗೆ ತನ್ನ ಬಗ್ಗೆ ತನಗೇ ಸಮಾಧಾನವಾಯಿತು.

ಸಂಜೆಯ ಹೊತ್ತಿಗೆ ದೋಣಿ ಕಾಣಿಸಿತು. ಜನ ಒಬ್ಬರ ಮೇಲೊಬ್ಬರು ಕೂತಿದ್ದರು. ಅಂಚಿಗೂ ನೀರಿಗೂ ನಾಲ್ಕು ಬೆರಳಿನ ಅಂತರ. ಕೊನೆಗೆ ಇಳಿದವಳು ಜಬೀನ. ರಮಜಾನಸಾಬ ಮಗಳ ತೋಳು ಹಿಡಿದುಕೊಂಡ. ಸಾಜೀದ ಮಾವನ ಮುಖವನ್ನೂ ನೋಡದೆ ದೋಣಿಯನ್ನು ಹಿಂದಕ್ಕೆ ತಿರುಗಿಸಿದ.

“ಇನ್ನ ಯಾರದಾರ ಅಲ್ಲೆ?”

“ಹೂವಪ್ಪಣ್ಣ ಒಬ್ಬನ.”

ಕತ್ತಲಾಗುವ ಮೊದಲು ದೋಣಿ ಮರಳಿತು. ಹಗುರವಾಗಿ, ಬೇಗನೆ ಬಂತು. ಸಾಜೀದ ಎಂಜಿನ್ ಆರಿಸಿ, ಇಳಿಯದೆ ಅಲ್ಲೇ ಕೂತ. “ಮಾಳಿಗಿ ಇಲ್ಲ,” ಎಂದ, ಯಾರಿಗೂ ಅಲ್ಲದೆ.

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ರಮಜಾನಸಾಬ ಮಗಳ ಕಡೆ ತಿರುಗಿದ.

“ನಿಮ್ಮ ಕೂಡ ಯಾಕ ಬರಲಿಲ್ಲ ಅವ?”

“ಹತ್ತಿದ್ದ ಅಬ್ಬಾ. ನಾ ಕಾಲಿಟ್ಟ ಕೂಡ್ಲೆ ದೋಣಿ ನೀರು ತಗೊಳ್ಳಾಕ ಹತ್ತಿತು, ಇಳದ ಬಿಟ್ಟ.” ಜಬೀನ ಹೊಳೆಯನ್ನೇ ನೋಡುತ್ತಿದ್ದಳು. “ಒಬ್ಬರ ಜಾಗಾ ಹ್ಯಾಂಗ ಕಡಿಮಿ ಬಿತ್ತು ಅನ್ನೂದ ಅವಗ ತಿಳೀಲಿಲ್ಲ. ಈ ಸಲ ಯಾರನ್ನೂ ದಂಡ್ಯಾಗ ಬಿಡೂದಿಲ್ಲ, ಎಣ್ಣಿ ಭಾರ ಕಳದು ನಿಮ್ಮಪ್ಪನ ಕಡಿಂದ ಆ ಟಾಕಿಯೊಳಗ ಒಬ್ಬರಿಗೆ ಜಾಗಾ ಮಾಡಿಸೀನಿ ಅಂತ ಮುಂಜಾನಿಂದ ಎಲ್ಲಾರಿಗೂ ಹೇಳಾಕತ್ತಿದ್ದ.”